ವಯಸ್ಸು ಬದಲಾದ ಹಾಗೆ ಬದುಕಿನ ಅರ್ಥವೂ ಬದಲಾಗುತ್ತಾ? ನಿಮ್ಮ ಅನುಭವ ಹೇಳಿ

ಸಂಜೆಗಾಳಿ

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತಾರು. ಕೆಲಸ ಇದೆ, ಸಂಸಾರ ಇದೆ, ಆರೋಗ್ಯವೂ ಪರವಾಗಿಲ್ಲ. ಇಪ್ಪತ್ತೈದರಲ್ಲಿ ಏನೇನು ಆಸೆಪಟ್ಟಿದ್ದೆನೋ ಅದರಲ್ಲಿ ಹೆಚ್ಚಿನದು ಕೈಗೆ ಬಂದಿದೆ. ಆದರೂ ಕೆಲವು ತಿಂಗಳಿಂದ ಒಂದೇ ಯೋಚನೆ: ಇದೆಲ್ಲ ಯಾಕೆ ಮಾಡುತ್ತಿದ್ದೇನೆ?

ಇದು ದುಃಖ ಅಲ್ಲ. ಮೊದಲು ಒಂದು ಬಡ್ತಿ ಸಿಕ್ಕರೆ ಎಷ್ಟೋ ದಿನ ಹುರುಪು ಇರುತ್ತಿತ್ತು. ಈಗ ಬೆಳಿಗ್ಗೆ ಒಳ್ಳೆ ಸುದ್ದಿ ಬಂದರೆ ಸಂಜೆಗೆ ಅದು ಮರೆತೇ ಹೋಗಿರುತ್ತದೆ. ಮಕ್ಕಳು ದೊಡ್ಡವರಾಗಿದ್ದಾರೆ, ನನ್ನ ಹತ್ತಿರ ಮೊದಲಿನಷ್ಟು ಏನೂ ಕೇಳುವುದಿಲ್ಲ. ಸ್ನೇಹಿತರು "ಈ ವಯಸ್ಸೇ ಹಾಗೆ, ಸುಮ್ನೆ ಇರು" ಅನ್ನುತ್ತಾರೆ. ಸುಮ್ಮನಿರಲು ಆಗುತ್ತಿಲ್ಲ.

ಬೇರೆ ಬೇರೆ ವಯಸ್ಸಿನವರು ಇಲ್ಲಿದ್ದೀರಿ. ಯಾವ ಕಾಲದಲ್ಲಿ ಯಾವುದರಿಂದ ನಿಮಗೆ ಬದುಕು ಸಾರ್ಥಕ ಅನ್ನಿಸಿತು? ಅದು ಹೋದಾಗ ಏನು ಮಾಡಿದಿರಿ? ದಯವಿಟ್ಟು ಸ್ವಲ್ಪ ಬಿಡಿಸಿ ಬರೆಯಿರಿ.

ಓದುಮೇಷ್ಟ್ರು

ಒಳ್ಳೆ ಪ್ರಶ್ನೆ. ನಾನು ನಿವೃತ್ತ ಶಿಕ್ಷಕ. ನನ್ನ ಅನುಭವ ಆಮೇಲೆ ಹೇಳುತ್ತೇನೆ, ಮೊದಲು ನನಗೆ ಈ ವಿಷಯದಲ್ಲಿ ದಾರಿ ತೋರಿಸಿದ ಒಂದು ವಿಚಾರ.

ಎರಿಕ್ ಎರಿಕ್ಸನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. 1950ರಲ್ಲಿ ಅವರು ಹುಟ್ಟಿನಿಂದ ಮುಪ್ಪಿನವರೆಗಿನ ಬದುಕನ್ನು ಎಂಟು ಹಂತಗಳಾಗಿ ವಿವರಿಸಿದರು. ಒಂದೊಂದು ಹಂತದಲ್ಲೂ ಒಂದು ಎಳೆದಾಟ. ಹದಿಹರೆಯದಲ್ಲಿ "ನಾನು ಯಾರು?" ಅನ್ನುವುದು. ಯೌವನದಲ್ಲಿ ಯಾರ ಜೊತೆಗಾದರೂ ಮನಸ್ಸು ಬಿಚ್ಚಿ ಬಾಳಬಲ್ಲೆನಾ, ಒಂಟಿಯಾಗಿ ಉಳಿಯುತ್ತೇನಾ ಅನ್ನುವುದು. ನಡುವಯಸ್ಸಿನಲ್ಲಿ ನನ್ನ ನಂತರದವರಿಗಾಗಿ ಏನಾದರೂ ಬೆಳೆಸುತ್ತೇನಾ ಇಲ್ಲವೇ ನಿಂತ ನೀರಾಗುತ್ತೇನಾ ಅನ್ನುವುದು. ಕೊನೆಗೆ, ಬಾಳಿದ ಬಾಳನ್ನು ನನ್ನದೇ ಅಂತ ಒಪ್ಪಿಕೊಳ್ಳುತ್ತೇನಾ, ಹತಾಶೆಯಲ್ಲಿ ಮುಳುಗುತ್ತೇನಾ ಅನ್ನುವುದು.

ನಿಮ್ಮ ಬಡ್ತಿಯ ಮಾತು ಓದಿದಾಗ ನನಗೆ ಇದೇ ನೆನಪಾಯಿತು. ಬಡ್ತಿ ನಿಮ್ಮ ಇಪ್ಪತ್ತೈದನೇ ವಯಸ್ಸಿನ ಪ್ರಶ್ನೆಗೆ ಉತ್ತರ. ಆ ಪ್ರಶ್ನೆ ಮುಗಿದುಹೋಗಿದೆ. ಈಗ ಎದ್ದಿರುವುದು ಬೇರೆಯದು. ಇನ್ನೊಂದು ಮಾತು: ನಂತರದವರು ಅಂದರೆ ಹೆತ್ತ ಮಕ್ಕಳೇ ಆಗಬೇಕು ಅಂತ ಇಲ್ಲ. ಕೆಲಸ ಕಲಿಸುವುದು, ಒಂದು ಸಂಸ್ಥೆಯನ್ನು ಕಟ್ಟುವುದು, ಒಂದು ಕಲೆಯನ್ನು ದಾಟಿಸುವುದು, ಎಲ್ಲವೂ ಅದರಲ್ಲಿ ಸೇರುತ್ತದೆ.

ಹೊಸಹೆಜ್ಜೆ

ನನಗೆ ಇಪ್ಪತ್ನಾಲ್ಕು. ಸಂಜೆಗಾಳಿ ಅವರೇ, ನಿಮಗೆ ಎಲ್ಲಾ ಸಿಕ್ಕಿ ಖಾಲಿ ಅನ್ನಿಸುತ್ತಿದೆ. ನನಗೆ ಏನೂ ಶುರುವಾಗದೆಯೇ ಸುಸ್ತಾಗಿದೆ.

ಓದು ಮುಗಿದಿದೆ. ಕೆಲಸ ಸಿಕ್ಕಿದೆ, ಆದರೆ ಇದೇ ನನ್ನ ಕೆಲಸವಾ ಗೊತ್ತಿಲ್ಲ. ಹತ್ತು ದಾರಿ ಕಾಣುತ್ತದೆ, ಒಂದರಲ್ಲಿ ಹೋದರೆ ಒಂಬತ್ತು ತಪ್ಪಿಹೋಗುತ್ತದೆ ಅನ್ನುವ ಭಯ. ಎಲ್ಲರೂ "ನಿನ್ನ ಗುರಿ ಏನು?" ಅಂತ ಕೇಳುತ್ತಾರೆ. ನಾನು ಇಲ್ಲದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ ಅನ್ನುವುದು ನಿಜವಾಗಿ ಕಾಡುತ್ತದೆ.

ಈ ವಯಸ್ಸಿಗೇ ಜೆಫ್ರಿ ಆರ್ನೆಟ್ ಅನ್ನುವವರು 2000ದಲ್ಲಿ ಬೇರೆಯೇ ಹೆಸರು ಕೊಟ್ಟರಂತೆ. ಹದಿಹರೆಯ ಮುಗಿದಿದೆ, ಪೂರ್ತಿ ದೊಡ್ಡವರಾಗಿಲ್ಲ. ಹದಿನೆಂಟರಿಂದ ಇಪ್ಪತ್ತೈದರ ನಡುವಿನ ಹುಡುಕಾಟದ ಕಾಲ. ಓದಿ ಸ್ವಲ್ಪ ಸಮಾಧಾನ ಆಯಿತು. ಆದರೆ ಹುಡುಕಾಟ ಎಷ್ಟು ದಿನ ಅಂತ ಅದರಲ್ಲಿ ಇರಲಿಲ್ಲ!

ಓದುಮೇಷ್ಟ್ರು

ಹೊಸಹೆಜ್ಜೆ, ನಿಮಗೆ ಒಂದು ಮಾತು. ಮೈಕೆಲ್ ಸ್ಟೀಗರ್ ಎಂಬ ಸಂಶೋಧಕರು ಎರಡು ಸಂಗತಿಗಳನ್ನು ಬೇರೆ ಬೇರೆ ಅಳೆದರು. ಬದುಕಿಗೆ ಅರ್ಥ ಇದೆ ಅನ್ನಿಸುವುದು ಒಂದು. ಅರ್ಥಕ್ಕಾಗಿ ಹುಡುಕುವುದು ಇನ್ನೊಂದು. ಅವರ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಡುಕಾಟ ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ ಇತ್ತು. ಸಿಕ್ಕಿದೆ ಅನ್ನುವ ಭಾವ ವಯಸ್ಸಾದವರಲ್ಲಿ ಜಾಸ್ತಿ ಇತ್ತು. ನಿಮ್ಮ ವಯಸ್ಸಿನಲ್ಲಿ ಹುಡುಕುವುದು ಸಹಜವಾದ ಕೆಲಸ. ಅದನ್ನು ಕೊರತೆ ಅಂದುಕೊಳ್ಳಬೇಡಿ.

ಪ್ರಶ್ನಾರ್ಥಕ

ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು.

ಈ ಹಂತಗಳ ಪಟ್ಟಿಯಿಂದ ಎಷ್ಟೋ ಜನರಿಗೆ ನೋವಾಗುತ್ತದೆ. ಇಷ್ಟರೊಳಗೆ ಕೆಲಸ, ಇಷ್ಟರೊಳಗೆ ಮದುವೆ, ಇಷ್ಟರೊಳಗೆ ಮಕ್ಕಳು. ಬರ್ನೀಸ್ ನ್ಯೂಗಾರ್ಟನ್ ಎಂಬ ಸಂಶೋಧಕಿ 1960ರ ದಶಕದಲ್ಲೇ ಇದನ್ನು ಸಾಮಾಜಿಕ ಗಡಿಯಾರ ಅಂತ ಕರೆದರು. ಆ ಗಡಿಯಾರಕ್ಕೆ ಸರಿಯಾಗಿ ನಡೆಯದವರು ತಾವು ಹಿಂದೆ ಬಿದ್ದೆವು ಅಂದುಕೊಳ್ಳುತ್ತಾರೆ. ನಾನು ಮದುವೆ ಆಗಿಲ್ಲ. ಮಕ್ಕಳಿಲ್ಲ. ನಲವತ್ತರ ಹೊತ್ತಿಗೆ ಕೆಲಸ ಹೋಗಿ, ಮತ್ತೆ ಮೊದಲಿಂದ ಬೇರೆ ಕಸುಬು ಕಲಿತೆ. ಇಪ್ಪತ್ತೆರಡರ ಹುಡುಗರ ಜೊತೆ ಕೂತು ಕಲಿತೆ. ನನ್ನ ಬದುಕಿನ ಅತ್ಯಂತ ತುಂಬಿದ ವರ್ಷಗಳು ಅವೇ. ಯಾವ ಪಟ್ಟಿಯಲ್ಲೂ ಅದಕ್ಕೆ ಜಾಗ ಇರಲಿಲ್ಲ.

ನಡುವಯಸ್ಸಿನ ಬಿಕ್ಕಟ್ಟು ಅನ್ನುವುದೂ ಹಾಗೆಯೇ. ಆ ಹೆಸರು ಬಂದಿದ್ದು ಎಲಿಯಟ್ ಜಾಕ್ಸ್ ಎಂಬುವವರ 1965ರ ಒಂದು ಲೇಖನದಿಂದ. ಅವರು ಮುಖ್ಯವಾಗಿ ನೋಡಿದ್ದು ದೊಡ್ಡ ಕಲಾವಿದರ ಬದುಕನ್ನು. ಆಮೇಲೆ ಸಾಮಾನ್ಯ ಜನರನ್ನು ವಿಚಾರಿಸಿದಾಗ ಎಲ್ಲರಿಗೂ ಅಂಥ ಬಿಕ್ಕಟ್ಟು ಬರುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ಆದರೆ ಸಂಜೆಗಾಳಿ ಅವರ ಅನುಭವ ಸುಳ್ಳು ಅಂತ ನಾನು ಹೇಳುತ್ತಿಲ್ಲ. 2008ರಲ್ಲಿ ಬ್ಲಾಂಚ್‌ಫ್ಲವರ್ ಮತ್ತು ಆಸ್ವಾಲ್ಡ್ ಎಂಬ ಅರ್ಥಶಾಸ್ತ್ರಜ್ಞರು 72 ದೇಶಗಳಲ್ಲಿ ಇದೇ ಚಿತ್ರ ಕಂಡರು. ಸಂತೋಷ ಯೌವನದಿಂದ ಇಳಿಯುತ್ತಾ ಬಂದು, ನಲವತ್ತು ಐವತ್ತರ ನಡುವೆ ತಳ ಮುಟ್ಟಿ, ಮತ್ತೆ ಏರುತ್ತದೆ. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಇತ್ತೀಚೆಗೆ ಹಲವು ದೇಶಗಳಲ್ಲಿ ಯುವಜನರ ಮನಸ್ಸೇ ಕುಗ್ಗಿದೆ, ಹಾಗಾಗಿ ಹಳೆಯ ಚಿತ್ರ ಬದಲಾಗಿದೆ ಅಂತ ಬ್ಲಾಂಚ್‌ಫ್ಲವರ್ ಅವರೇ ಬರೆದಿದ್ದಾರೆ. ಹೊಸಹೆಜ್ಜೆ ಬರೆದದ್ದು ಓದಿದರೆ ಅದು ನಿಜ ಅನ್ನಿಸುತ್ತದೆ. ಅವರ ಸುಸ್ತನ್ನು "ಚಿಕ್ಕ ವಯಸ್ಸು, ಸರಿಹೋಗುತ್ತದೆ" ಅಂತ ನಾವು ತಳ್ಳಿಹಾಕಬಾರದು.

ಎರಡುಪಾಳಿ

ನಾನು ದಾದಿ. ಹಗಲು ಆಸ್ಪತ್ರೆ, ಸಂಜೆಯಿಂದ ಮನೆ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ನೆನಪು ಕಳೆದುಕೊಳ್ಳುತ್ತಿರುವ ಅತ್ತೆ. ಇಲ್ಲಿಯವರೆಗಿನ ಮಾತೆಲ್ಲ ಓದಿದೆ. ನನಗೆ "ನಾನು ಯಾರಿಗೆ ಬೇಕು?" ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಎಲ್ಲರಿಗೂ ಬೇಕು, ಎಲ್ಲಾ ಹೊತ್ತೂ ಬೇಕು. ಆದರೂ ರಾತ್ರಿ ಎಲ್ಲರೂ ಮಲಗಿದ ಮೇಲೆ ನನಗೂ ಖಾಲಿ ಅನ್ನಿಸುತ್ತದೆ.

ನನ್ನ ಸಹೋದ್ಯೋಗಿ ಒಬ್ಬರು ಒಂದು ಅಧ್ಯಯನದ ಬಗ್ಗೆ ಹೇಳಿದ್ದರು, ಆಮೇಲೆ ನಾನೇ ಹುಡುಕಿ ಓದಿದೆ. ರಾಯ್ ಬಾಮೈಸ್ಟರ್ ಮತ್ತು ಜೊತೆಯವರು 2013ರಲ್ಲಿ ಮಾಡಿದ್ದು. ಸುಮಾರು 400 ಜನರನ್ನು ಕೇಳಿ, ಸಂತೋಷ ಮತ್ತು ಅರ್ಥ ಎಲ್ಲೆಲ್ಲಿ ಬೇರೆಯಾಗುತ್ತವೆ ಅಂತ ನೋಡಿದರು. ಬೇಕಾದ್ದು ಸುಲಭವಾಗಿ ಸಿಗುವುದು ಸಂತೋಷದ ಜೊತೆ ಸೇರಿತ್ತು. ಬೇರೆಯವರಿಗೆ ಕೊಡುವುದು ಅರ್ಥದ ಜೊತೆ ಸೇರಿತ್ತು. ಚಿಂತೆ, ಒತ್ತಡ ಕೂಡ ಅರ್ಥ ಇರುವ ಬದುಕಿನಲ್ಲೇ ಜಾಸ್ತಿ ಇತ್ತು. ಅಂದರೆ ಒಬ್ಬರ ಬದುಕಿಗೆ ಅರ್ಥ ತುಂಬಿದ್ದರೂ ಅವರು ಸುಖವಾಗಿಲ್ಲದೆ ಇರಬಹುದು. ನನ್ನ ವಿಷಯದಲ್ಲಿ ಅದು ನೂರಕ್ಕೆ ನೂರು ಸತ್ಯ.

ಹಾಗಾಗಿ ನೋಡಿಕೊಳ್ಳುವವರಿಗೆ ದಯವಿಟ್ಟು "ನಿಮ್ಮ ಸೇವೆ ದೊಡ್ಡದು" ಅಂತ ಮಾತ್ರ ಹೇಳಿ ಹೋಗಬೇಡಿ. ಅದು ನಮಗೆ ಗೊತ್ತು. ವಾರಕ್ಕೆ ಒಂದು ಮಧ್ಯಾಹ್ನ ಬಂದು ಅತ್ತೆಯ ಪಕ್ಕ ಕೂತರೆ ಸಾಕು, ನಾನು ಮಲಗಿ ಏಳುತ್ತೇನೆ. ನನ್ನ ನಾದಿನಿ ಈಗ ಹಾಗೆ ಬರುತ್ತಿದ್ದಾಳೆ. ಅವಳು ಬರುವ ದಿನ ಅತ್ತೆಗೆ ಸ್ನಾನ ಮಾಡಿಸುವಾಗ ನನಗೆ ಅವಸರ ಇರುವುದಿಲ್ಲ. ಅವರು ಹಳೆಯದೇನೋ ಹೇಳುತ್ತಾರೆ, ನಾನು ಕೇಳುತ್ತೇನೆ. ಅದೇ ಕೆಲಸ, ಅದೇ ಅತ್ತೆ. ದಣಿವು ಸ್ವಲ್ಪ ಇಳಿದರೆ ಅದೇ ಕೆಲಸ ಇಷ್ಟ ಆಗುತ್ತದೆ.

ಇನ್ನೊಂದು ವಿಷಯ, ದಾದಿಯಾಗಿ ಹೇಳಲೇಬೇಕು. ಸಂಜೆಗಾಳಿ ಅವರೇ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿ ಹೆಚ್ಚುಕಡಿಮೆ ದಿನವೂ ಇದ್ದರೆ, ಜೊತೆಗೆ ನಿದ್ದೆ, ಊಟ, ಗಮನ ಕೆಟ್ಟಿದ್ದರೆ, ವೈದ್ಯರನ್ನು ನೋಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. ಇದನ್ನು ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ.

ಸಂಜೆಗಾಳಿ

ಎರಡುಪಾಳಿ ಅವರೇ, ಧನ್ಯವಾದ. ನಿದ್ದೆ, ಊಟ ಸರಿಯಾಗಿದೆ. ಆದರೂ ಒಮ್ಮೆ ವೈದ್ಯರ ಹತ್ತಿರ ಹೋಗಿ ಮಾತಾಡುತ್ತೇನೆ. ನೀವು ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ನನ್ನ ತಂಗಿ ಅಮ್ಮನನ್ನು ನೋಡಿಕೊಳ್ಳುತ್ತಿದ್ದಾಳೆ. ನಾನು ಹಣ ಕಳಿಸುತ್ತೇನೆ. ಅವಳಿಗೆ ಬೇಕಾಗಿರುವುದು ಅದಷ್ಟೇ ಅಲ್ಲ ಅಂತ ಈಗ ಕಾಣುತ್ತಿದೆ.

ನಿಧಾನಿ

ನಾನು ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನನಗೆ ಮೂವತ್ತೇಳು. ವಾಸಿಯಾಗದ ಕಾಯಿಲೆ ಇದೆ. ಒಳ್ಳೆಯ ದಿನ ಒಂದೆರಡು ಗಂಟೆ ಕೆಲಸ ಮಾಡುತ್ತೇನೆ, ಕೆಟ್ಟ ದಿನ ಏಳಲೂ ಆಗುವುದಿಲ್ಲ. ಕೊಡುವುದರಿಂದ, ಕಲಿಸುವುದರಿಂದ, ಕಟ್ಟುವುದರಿಂದ ಅರ್ಥ ಬರುತ್ತದೆ ಅಂತ ಎಲ್ಲರೂ ಬರೆದಿದ್ದೀರಿ. ಏನೂ ಮಾಡಲಾಗದವರು ಏನು ಮಾಡಬೇಕು?

ನನಗೆ ಆಸರೆಯಾದದ್ದು ವಿಕ್ಟರ್ ಫ್ರಾಂಕಲ್ ಅವರ ವಿಚಾರ. ವಿಯೆನ್ನಾದ ಮನೋವೈದ್ಯರು, ನಾಜಿಗಳ ಯಾತನಾ ಶಿಬಿರಗಳಿಂದ ಬದುಕಿ ಬಂದವರು. ತಂದೆ, ತಾಯಿ, ಅಣ್ಣ, ಹೆಂಡತಿ ಎಲ್ಲರನ್ನೂ ಆ ಕಾಲದಲ್ಲಿ ಕಳೆದುಕೊಂಡರು. ಅರ್ಥ ಸಿಗುವ ಮೂರು ದಾರಿ ಇವೆ ಅಂತ ಅವರು ಹೇಳಿದರು. ಏನಾದರೂ ಮಾಡುವುದು ಒಂದು. ಏನನ್ನಾದರೂ ಅನುಭವಿಸುವುದು, ಯಾರನ್ನಾದರೂ ಪ್ರೀತಿಸುವುದು ಎರಡನೆಯದು. ತಪ್ಪಿಸಲಾಗದ ನೋವಿನ ಎದುರು ನಾವು ಹೇಗೆ ನಿಲ್ಲುತ್ತೇವೆ ಅನ್ನುವುದು ಮೂರನೆಯದು. ಮೊದಲ ದಾರಿ ಮುಚ್ಚಿದರೂ ಇನ್ನೆರಡು ಉಳಿಯುತ್ತವೆ.

ತಪ್ಪಿಸಬಹುದಾದ ನೋವನ್ನು ಮೊದಲು ತಪ್ಪಿಸಬೇಕು, ಸುಮ್ಮನೆ ಸಹಿಸುವುದರಲ್ಲಿ ಹೆಚ್ಚುಗಾರಿಕೆ ಇಲ್ಲ ಅಂತಲೂ ಫ್ರಾಂಕಲ್ ಒತ್ತಿ ಹೇಳಿದ್ದಾರೆ. ಇದನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಕಾಯಿಲೆ ನೋಡಿ "ಇದಕ್ಕೂ ಒಂದು ಅರ್ಥ ಇರುತ್ತದೆ" ಅನ್ನುವವರು ಬಹಳ. ನನ್ನ ನೋವಿನ ಅರ್ಥವನ್ನು ಬೇರೆ ಯಾರೂ ಹೇಳಬಾರದು. ಅದು ಇದ್ದರೆ ನಾನು ಕಂಡುಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ.

ಸಹಾಯ ಪಡೆಯುವುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಈಗ ಅಣ್ಣನ ಮಗಳು ಶಾಲೆ ಬಿಟ್ಟ ಮೇಲೆ ನನ್ನ ಹಾಸಿಗೆ ಪಕ್ಕ ಕೂತು ದಿನದ ಕಥೆಯೆಲ್ಲ ಹೇಳುತ್ತಾಳೆ. ಮನೆಯಲ್ಲಿ ಕೂತು ಕೇಳುವಷ್ಟು ಪುರುಸೊತ್ತು ಇರುವುದು ನನಗೊಬ್ಬಳಿಗೇ.

ಹಳೇಬೇರು

ನಿಧಾನಿ, ನಿಮ್ಮ ಮಾತು ನನ್ನ ವಯಸ್ಸಿಗೂ ಹೊಂದುತ್ತದೆ ತಾಯಿ. ನನಗೆ ಎಪ್ಪತ್ತೆಂಟು.

ಮುಪ್ಪಿನ ಬಗ್ಗೆ ಹೊರಗಿನಿಂದ ನೋಡುವವರಿಗೆ ಒಂದು ತಪ್ಪು ಕಲ್ಪನೆ ಇದೆ. ಸ್ನೇಹಿತರು ಕಡಿಮೆಯಾದರು, ಓಡಾಟ ಕಡಿಮೆಯಾಯಿತು, ಪಾಪ ಅಂತ. ಕಳೆದುಕೊಂಡವರ ನೋವು ಇದ್ದೇ ಇದೆ. ಆದರೆ ಎಷ್ಟೋ ಸಂಪರ್ಕಗಳನ್ನು ನಾನೇ ಬಿಟ್ಟೆ. ಇರುವ ಕಾಲವನ್ನು ಇಷ್ಟವಾದ ನಾಲ್ಕು ಜನರ ಜೊತೆ ಕಳೆಯಬೇಕು ಅನ್ನಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಇದನ್ನೇ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಮುಂದೆ ತುಂಬಾ ಕಾಲ ಇದೆ ಅನ್ನಿಸಿದಾಗ ಜನ ಹೊಸ ಪರಿಚಯ, ಹೊಸ ಮಾಹಿತಿ ಹುಡುಕುತ್ತಾರೆ. ಕಾಲ ಕಡಿಮೆ ಅನ್ನಿಸಿದಾಗ ಮನಸ್ಸಿಗೆ ಹತ್ತಿರವಾದದ್ದನ್ನು ಆರಿಸುತ್ತಾರೆ. ಇದು ಬರೀ ವಯಸ್ಸಿನದಲ್ಲ. ಗಂಭೀರ ಕಾಯಿಲೆ ಇರುವ ಯುವಕರಲ್ಲೂ ಅದೇ ಕಂಡಿತು.

ಹಳೆಯದನ್ನು ನೆನೆಯುವುದರ ಬಗ್ಗೆಯೂ ಹೇಳುತ್ತೇನೆ. ನಾವು ಹಳೇ ಕಥೆ ಹೇಳಿದರೆ ಮಕ್ಕಳು ಬೇಸರಪಡುತ್ತಾರೆ. ರಾಬರ್ಟ್ ಬಟ್ಲರ್ ಎಂಬ ವೈದ್ಯರು 1963ರಲ್ಲೇ ಇದು ಮರುಳಲ್ಲ, ಬಾಳಿದ ಬಾಳನ್ನು ತಿರುಗಿ ನೋಡಿ ಲೆಕ್ಕ ಹೊಂದಿಸುವ ಸಹಜ ಕೆಲಸ ಅಂತ ಬರೆದರು. ನಾನು ಈಗ ಅದನ್ನೇ ಮಾಡುತ್ತಿದ್ದೇನೆ. ತಮ್ಮನ ಜೊತೆ ಆಸ್ತಿ ವಿಷಯಕ್ಕೆ ಮಾತು ಬಿಟ್ಟಿದ್ದೆವು. ಹೋದ ವರ್ಷ ನಾನೇ ಫೋನ್ ಮಾಡಿದೆ. ಈಗ ಭಾನುವಾರ ಮಾತಾಡುತ್ತೇವೆ. ಹೆಚ್ಚಾಗಿ ಅಪ್ಪನ ಬಗ್ಗೆಯೇ ಮಾತು.

ಎರಿಕ್ಸನ್ ಅವರ ಎಂಟು ಹಂತದ ಜೊತೆಗೆ ಅವರ ಹೆಂಡತಿ ಜೋನ್ ಆಮೇಲೆ ಒಂಬತ್ತನೆಯದನ್ನು ಸೇರಿಸಿದರು, ಎಂಬತ್ತು ತೊಂಬತ್ತರ ವಯಸ್ಸಿಗೆ. ಆಗ ಮೈ ಮಾತು ಕೇಳುವುದಿಲ್ಲ, ಮೊದಲಿನ ಎಲ್ಲಾ ಎಳೆದಾಟಗಳೂ ಮತ್ತೆ ಎದುರಾಗುತ್ತವೆ ಅಂತ. ಆಕೆ ಅದನ್ನು ಬರೆದಾಗ ಆಕೆಗೇ ತೊಂಬತ್ತು ದಾಟಿತ್ತು. ಅದಕ್ಕೇ ನನಗೆ ಆ ಮಾತಿನ ಮೇಲೆ ನಂಬಿಕೆ.

ಓದುಮೇಷ್ಟ್ರು

ಹಿರಿಯರ ಮಾತಿನ ಮೇಲೆ ನನ್ನದೂ ಒಂದಿಷ್ಟು. ನಿವೃತ್ತಿಯ ಮೊದಲ ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಕಷ್ಟ ಆಯಿತು. ಸಂಬಳ ನಿಂತದ್ದಕ್ಕಿಂತ, ಯಾರೂ ನನ್ನ ಹತ್ತಿರ ಏನೂ ಕೇಳದಿರುವುದು ಹೆಚ್ಚು ನೋಯಿಸಿತು. ಮನೆಯವರು ಪ್ರೀತಿಯಿಂದಲೇ "ನೀವು ಆರಾಮಾಗಿರಿ" ಅನ್ನುತ್ತಿದ್ದರು. ಒಂದೊಂದಾಗಿ ಎಲ್ಲಾ ಕೆಲಸ ಕೈಯಿಂದ ಹೋಯಿತು.

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಪ್ರಯೋಗ ಮಾಡಿದರು. ಒಂದು ಮಹಡಿಯವರಿಗೆ ಗಿಡ ಕೊಟ್ಟು "ಇದನ್ನು ನೀವೇ ನೋಡಿಕೊಳ್ಳಿ, ನಿಮ್ಮ ದಿನ ಹೇಗಿರಬೇಕು ಅಂತ ನೀವೇ ತೀರ್ಮಾನಿಸಿ" ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ದಾದಿಯರು ಅಂದರು. ಮೂರು ವಾರದ ನಂತರ ಮೊದಲ ಗುಂಪಿನವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಸಂತೋಷವಾಗಿದ್ದರು. ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಬೇಕು ಅಂತ ಅವರ ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳುವವರು ಇದನ್ನು ಯೋಚಿಸಬೇಕು.

ಹಾಗಂತ ಮೊದಲಿನಂತೆಯೇ ಎಲ್ಲಾ ಮಾಡುತ್ತೇನೆ ಅನ್ನುವುದೂ ಆಗದ ಮಾತು. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರನ್ನು ಎಂಬತ್ತರಲ್ಲಿ ಹೇಗೆ ಇಷ್ಟು ಚೆನ್ನಾಗಿ ನುಡಿಸುತ್ತೀರಿ ಅಂತ ಕೇಳಿದ್ದರಂತೆ. ನುಡಿಸುವ ಕೃತಿಗಳನ್ನು ಕಡಿಮೆ ಮಾಡಿದ್ದೇನೆ, ಅವನ್ನೇ ಹೆಚ್ಚು ಅಭ್ಯಾಸ ಮಾಡುತ್ತೇನೆ, ವೇಗದ ಭಾಗ ಬರುವ ಮೊದಲು ಸ್ವಲ್ಪ ನಿಧಾನ ಮಾಡುತ್ತೇನೆ, ಆಗ ಮುಂದಿನದು ವೇಗವಾಗಿ ಕೇಳುತ್ತದೆ ಅಂತ ಅವರು ವಿವರಿಸಿದರು. ಮುಪ್ಪನ್ನು ಅಧ್ಯಯನ ಮಾಡಿದ ಪಾಲ್ ಬಾಲ್ಟಿಸ್ ಈ ಉದಾಹರಣೆಯನ್ನು ಮತ್ತೆ ಮತ್ತೆ ಕೊಡುತ್ತಿದ್ದರು. ನಾನು ಈಗ ಇಡೀ ತರಗತಿಗೆ ಪಾಠ ಮಾಡಲಾರೆ. ಓದುವುದರಲ್ಲಿ ಹಿಂದೆ ಬಿದ್ದ ಮೂವರು ಮಕ್ಕಳು ಮನೆಗೆ ಬರುತ್ತಾರೆ. ಅಷ್ಟು ಮಾಡುತ್ತೇನೆ, ಚೆನ್ನಾಗಿ ಮಾಡುತ್ತೇನೆ.

ಪ್ರಶ್ನಾರ್ಥಕ

ಈಗ ನನಗೆ ಒಂದು ಎಳೆ ಕಾಣುತ್ತಿದೆ. ಹೊಸಹೆಜ್ಜೆಗೆ ಇನ್ನೂ ಯಾರೂ ಏನನ್ನೂ ಒಪ್ಪಿಸಿಲ್ಲ. ಎರಡುಪಾಳಿ ಅವರ ಮೇಲೆ ಎಲ್ಲರೂ ಎಲ್ಲವನ್ನೂ ಹೊರಿಸಿದ್ದಾರೆ. ಮೇಷ್ಟ್ರ ಕೈಯಿಂದ ಎಲ್ಲವನ್ನೂ ತೆಗೆದುಕೊಂಡರು. ಮೂವರ ಕಷ್ಟವೂ ಜವಾಬ್ದಾರಿ ಹಂಚಿಕೆಯದ್ದೇ ಅಲ್ವಾ? ಅರ್ಥ ಹುಡುಕುವುದನ್ನು ಒಬ್ಬೊಬ್ಬರ ತಲೆಯೊಳಗಿನ ಕೆಲಸ ಅಂದುಕೊಂಡಿದ್ದೇವೆ. ಅರ್ಧದಷ್ಟು ಅದು ಮನೆಯಲ್ಲಿ, ಕೆಲಸದ ಜಾಗದಲ್ಲಿ ಯಾರಿಗೆ ಯಾವ ಕೆಲಸ ಸಿಗುತ್ತದೆ ಅನ್ನುವುದರ ಮೇಲೆ ನಿಂತಿದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು 1938ರಿಂದ ನಡೆಯುತ್ತಿದೆ. ಅಲ್ಲಿನ 268 ವಿದ್ಯಾರ್ಥಿಗಳು, ಜೊತೆಗೆ ಬಾಸ್ಟನ್ನಿನ ಬಡ ಬಡಾವಣೆಗಳ 456 ಹುಡುಗರು, ಅವರ ಇಡೀ ಬದುಕನ್ನು ಹಿಂಬಾಲಿಸಿದ್ದು. ಐವತ್ತರಲ್ಲಿ ತಮ್ಮ ಸಂಬಂಧಗಳಲ್ಲಿ ಎಷ್ಟು ತೃಪ್ತಿ ಇತ್ತು ಅನ್ನುವುದು ಎಂಬತ್ತರ ಆರೋಗ್ಯವನ್ನು ಕೊಲೆಸ್ಟ್ರಾಲ್ ಮಟ್ಟಕ್ಕಿಂತ ಚೆನ್ನಾಗಿ ಸೂಚಿಸಿತು ಅಂತ ಅದರ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಹೇಳುತ್ತಾರೆ. ಮೊದಲು ಸೇರಿದವರೆಲ್ಲ ಗಂಡಸರು, ಒಂದೇ ಕಡೆ ಆರಿಸಿಕೊಂಡವರು ಅನ್ನುವ ಮಿತಿ ಇದೆ. ಆದರೂ ನಾನು ಒಂಟಿಯಾಗಿ ಬದುಕುವವನು, ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದೇನೆ. ಕಸುಬು ಕಲಿತ ಗೆಳೆಯರನ್ನು ಬಿಟ್ಟಿಲ್ಲ.

ಎರಡುಪಾಳಿ

ಪ್ರಶ್ನಾರ್ಥಕ ಅವರ ಮಾತು ಸರಿ. ಒಂದು ಸೇರಿಸುತ್ತೇನೆ. ಕೆಲಸ ಒಪ್ಪಿಸಿದರೆ ಸಾಲದು, ಬೇಡ ಅನ್ನುವ ಅವಕಾಶವೂ ಇರಬೇಕು. ನಾದಿನಿ ಬರುವ ಮಧ್ಯಾಹ್ನ ಅತ್ತೆಯನ್ನು ನೋಡಿಕೊಳ್ಳುವುದು ನನ್ನ ಆಯ್ಕೆ. ಉಳಿದ ದಿನ ಅದಕ್ಕೆ ಬೇರೆ ದಾರಿಯೇ ಇಲ್ಲ. ಎರಡೂ ಬೇರೆ ಬೇರೆ.

ಹೊಸಹೆಜ್ಜೆ

ಹಳೇಬೇರು ಅಜ್ಜಾ, ನೀವು ನನ್ನ ವಯಸ್ಸಿನಲ್ಲಿದ್ದರೆ ಈಗ ಏನು ಮಾಡುತ್ತಿದ್ದಿರಿ?

ಹಳೇಬೇರು

ಗುರಿ ಹುಡುಕುವುದನ್ನು ಸ್ವಲ್ಪ ದಿನ ಪಕ್ಕಕ್ಕಿಡುತ್ತಿದ್ದೆ ಮಗು. ಯಾರಾದರೂ ನನ್ನನ್ನು ನಂಬಿ ಕಾಯುವಂಥ ಒಂದು ಸಣ್ಣ ಕೆಲಸ ಹಿಡಿಯುತ್ತಿದ್ದೆ. ನೀನು ಹೋಗದಿದ್ದರೆ "ಯಾಕೆ ಬರಲಿಲ್ಲ?" ಅಂತ ಒಬ್ಬರಾದರೂ ಕೇಳಬೇಕು, ಅಂಥದ್ದು. ಒಂದು ವರ್ಷ ಮಾಡಿ ನೋಡು. ಇಷ್ಟವಾಗದಿದ್ದರೆ ಬಿಡು. ಅಷ್ಟರಲ್ಲಿ ನಿನಗೆ ಏನು ಬರುತ್ತದೆ, ಏನು ಆಗುವುದಿಲ್ಲ ಅನ್ನುವುದು ಗೊತ್ತಾಗಿರುತ್ತದೆ. ಕೂತು ಯೋಚಿಸಿದರೆ ಅದು ಗೊತ್ತಾಗುವುದಿಲ್ಲ.

ಸಂಜೆಗಾಳಿ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಎರಡು ತೀರ್ಮಾನ ಮಾಡಿದ್ದೇನೆ. ತಿಂಗಳಿಗೆ ಒಂದು ವಾರ ಅಮ್ಮನ ಹತ್ತಿರ ಇದ್ದು ಅಲ್ಲಿಂದಲೇ ಕೆಲಸ ಮಾಡುತ್ತೇನೆ, ತಂಗಿ ಆ ವಾರ ಎಲ್ಲಿ ಬೇಕಾದರೂ ಹೋಗಲಿ. ಅವಳಿಗೆ ಹೇಳಿದಾಗ ಮೊದಲು ನಂಬಲಿಲ್ಲ. ಇನ್ನೊಂದು, ಕಚೇರಿಯಲ್ಲಿ ಹೊಸಬರಿಗೆ ಕೆಲಸ ಕಲಿಸುವ ಹೊಣೆ ಕೇಳಿದ್ದೇನೆ. ಒಪ್ಪಿದ್ದಾರೆ. ಆದರೆ ಈಗಿನ ಹುಡುಗರಿಗೆ ನನ್ನ ಅನುಭವ ಬೇಕಾ ಅನ್ನುವುದೇ ನನ್ನ ಅನುಮಾನ. ಮೇಷ್ಟ್ರೇ, ಎಲ್ಲಿಂದ ಶುರುಮಾಡಲಿ?

ಓದುಮೇಷ್ಟ್ರು

ನಿಮ್ಮ ಅನುಭವದಿಂದ ಶುರುಮಾಡಬೇಡಿ. ಮೊದಲ ವಾರ ಅವರ ಪಕ್ಕ ಕೂತು ಅವರು ಕೆಲಸ ಮಾಡುವುದನ್ನು ನೋಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಕೇಳಿ. ಅಲ್ಲಿಗೆ ಬೇಕಾದಷ್ಟನ್ನೇ ಹೇಳಿಕೊಡಿ. ನಿಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿದ್ದರೆ ಅವರ ಹತ್ತಿರ ಕಲಿಯಿರಿ, ಅದನ್ನು ಅವರ ಎದುರಿಗೇ ಹೇಳಿ. ಒಬ್ಬರು ತಾವಾಗಿಯೇ ಬಂದು ಎರಡನೇ ಪ್ರಶ್ನೆ ಕೇಳಿದ ದಿನ ಇಲ್ಲಿ ಬರೆಯಿರಿ.